ಕೆಂಪು ಲಿವರ್, ಕಪ್ಪು ದಾರ

ಅಟ್ಟೂರಿನ ನನ್ನ ಸೈಕಲ್ ಅಂಗಡಿಗೆ ಒಂದು ಭಾನುವಾರ ಆರ್.ಟಿ. ನಗರದಿಂದ ಒಬ್ಬ ಮಹಾನುಭಾವರು ಬಂದರು. ಹೆಲ್ಮೆಟ್ಟು, ಗ್ಲೌಸು, ಶೂಸು, ಎಲ್ಲವೂ ಕೆಂಪು. ಮೌಂಟನ್ ಬೈಕೂ ಕೆಂಪೇ. ಚಕ್ರವನ್ನು ಬಿಗಿ ಹಿಡಿಯುವ ಕ್ವಿಕ್ ರಿಲೀಸ್ ಲಿವರ್ ಮಾತ್ರ ಬೆಳ್ಳಿ ಬಣ್ಣದ್ದು. ಅದು ಅವರ ಕಣ್ಣು ಚುಚ್ಚುತ್ತಿತ್ತಂತೆ.

ಅಂಗಡಿಯಲ್ಲಿದ್ದ ಕೆಂಪು ಲಿವರ್‌ಗಳನ್ನೆಲ್ಲ ಮುಂದೆ ಸುರಿದೆ. "ಇದು ಸ್ವಲ್ಪ ಡಾರ್ಕ್ ಆಯ್ತು ಕಣ್ರೀ", "ಇದು ಕುಂಕುಮದ ಥರ ಇದೆ" ಅಂತ ನನ್ನ ಅಂಗಡಿಯನ್ನು ಮುಕ್ಕಾಲು ಗಂಟೆ ಸೀರೆ ಅಂಗಡಿ ಮಾಡಿಬಿಟ್ಟರು. ಕೊನೆಗೂ ಒಂದು ಒಪ್ಪಿಗೆಯಾಯಿತು. ಹಳೆಯದನ್ನು ಬಿಚ್ಚೋಣ ಅಂತ ಬಗ್ಗಿದರೆ, ಮುಂದಿನ ಚಕ್ರದ ಲಿವರ್ ಮಡಚಿಯೇ ಇಲ್ಲ! ಅದರ ಬುಡಕ್ಕೆ ಕಪ್ಪು ದಾರ ಸುತ್ತಿದೆ.

"ಏನ್ರೀ ಇದು?"

"ದೃಷ್ಟಿ ದಾರ. ನಮ್ಮಮ್ಮ ಕಟ್ಟಿದ್ದು. ಲಿವರ್ ಮಡಚಿದ್ರೆ ದಾರ ಕಿತ್ತೋಗುತ್ತೆ ಅಂತ ಹಂಗೇ ಬಿಟ್ಟಿದೀನಿ."

"ಮಡಚದಿದ್ರೆ ಚಕ್ರಾನೇ ಕಿತ್ತೋಗುತ್ತಲ್ರೀ! ಆರ್.ಟಿ. ನಗರದಿಂದ ಇದರಲ್ಲೇ ಬಂದ್ರಾ?"

"ದಿನಾ ಆಫೀಸಿಗೂ ಇದರಲ್ಲೇ. ಆರು ತಿಂಗಳಾಯ್ತು, ಏನೂ ಆಗಿಲ್ಲ. ದಾರದ ಪವರ್ ನೋಡಿ!"

ಹೊಸ ಲಿವರ್ ಹಾಕಿ, ಅಂಗೈಯಲ್ಲಿ ಅಚ್ಚು ಮೂಡುವಷ್ಟು ಒತ್ತಿ ಮಡಚಿದೆ. ಅವರಮ್ಮನ ನಂಬಿಕೆಗೆ ನಾನ್ಯಾಕೆ ಅಡ್ಡ ಬರಲಿ ಅಂತ, ದಾರವನ್ನು ಜೋಪಾನವಾಗಿ ಹ್ಯಾಂಡಲ್ಲಿಗೆ ಕಟ್ಟಿದೆ.

ಮಹಾನುಭಾವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು.

"ದಾರ ತೆಗೆದುಬಿಡಿ. ಕಪ್ಪು ಮ್ಯಾಚ್ ಆಗ್ತಿಲ್ಲ."