ಸೋರುವುದು ನಿಂತ ಕಾರು

ಮೂರು ವರ್ಷದ ಹಿಂದೆ ನನ್ನ ತಂಗಿಯ ಮಗ ಬಸವರಾಜನ ಮದುವೆ ಕಂಪ್ಲಿಯಲ್ಲಿ ಗೊತ್ತಾಯಿತು. ಮದುಮಗ ತನ್ನೂರು ಸಂಡೂರಿನಿಂದ ನನ್ನ ಕಾರಿನಲ್ಲೇ ಹೊರಡಬೇಕೆಂದು ಹಟ ಹಿಡಿದವನು ನಾನೇ. ನಮ್ಮಪ್ಪ ಬಿಟ್ಟುಹೋದ ಹಳೆಯ ಅಂಬಾಸಿಡರ್ ಅದು. ಹೊಸಪೇಟೆಯ ನಮ್ಮ ಓಣಿಯಲ್ಲಿ ಅದರ ಹೊಳಪಿಗೆ ಸಾಟಿಯೇ ಇರಲಿಲ್ಲ. ವಾರಕ್ಕೊಮ್ಮೆ ತೊಳೆಯುತ್ತಿದ್ದೆ. ಆಯುಧಪೂಜೆಗೆ ಚೆಂಡುಹೂವಿನ ಹಾರ, ನಾಲ್ಕೂ ಗಾಲಿಗೆ ನಿಂಬೆಹಣ್ಣು. ಅದರ ಹೊಟ್ಟೆಯೊಳಗಿನ ಕಷ್ಟಸುಖ ಮಾತ್ರ ಯಾವತ್ತೂ ಕೇಳಿದವನಲ್ಲ. ಓಡುತ್ತದಲ್ಲ, ಸಾಕು ಎನ್ನುತ್ತಿದ್ದೆ.

ಕಾರಿನಡಿ ಎಣ್ಣೆ ತೊಟ್ಟಿಕ್ಕುತ್ತಿದ್ದದ್ದು ನಿಜ. "ಅಂಗಳೆಲ್ಲ ಕರ್ರಗಾತು, ರಂಗೋಲಿ ಎಲ್ಲಿ ಹಾಕ್ಲಿ?" ಎಂದು ಹೆಂಡತಿ ಗಿರಿಜಾ ದಿನವೂ ಬೈಯುತ್ತಿದ್ದಳು. ಒಂದು ಬುಟ್ಟಿ ಮರಳು ಸುರಿದು ಸುಮ್ಮನಾದೆ. ಕೆಲವು ತಿಂಗಳಲ್ಲಿ ತೊಟ್ಟಿಕ್ಕುವುದು ತಾನಾಗಿಯೇ ನಿಂತಿತು. "ನೋಡು, ಹಳೇ ಗಾಡಿ, ತಾನ ಸರಿ ಮಾಡ್ಕೊಂತು" ಎಂದು ಮೀಸೆ ತಿರುವಿದೆ.

ಮದುವೆಯ ದಿನ ಹತ್ತೂವರೆಗೆ ಮುಹೂರ್ತ. ದಿಬ್ಬಣದ ಬಸ್ಸು ಮುಂದೆ ಹೋಗಿತ್ತು. ಕಾರಿನಲ್ಲಿ ನಾನು, ಗಿರಿಜಾ, ಬಾಸಿಂಗ ಕಟ್ಟಿಕೊಂಡ ಬಸವರಾಜ. ಸಂಡೂರು ದಾಟಿ ಗುಡ್ಡದ ಏರು ಹತ್ತುವಾಗ ಗೇರ್ ಬದಲಿಸಿದೆ. ಗರಗರ ಸದ್ದು, ಸುಟ್ಟ ವಾಸನೆ. ಆಮೇಲೆ ಯಾವ ಗೇರೂ ಬೀಳಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಗಿರಿಜಾ ಮೊಣಕಾಲು ಒತ್ತಿಕೊಂಡು, ಬಾಗಿಲು ಹಿಡಿದು ಕೆಳಗಿಳಿದಳು. ಒಂದು ವರ್ಷದಿಂದ ಅವಳು ಹಾಗೆಯೇ ಗೋಡೆ ಹಿಡಿದು ಏಳುತ್ತಿದ್ದಳು. ನಾನು ನೋಡಿಯೂ ನೋಡದವನು.

"ಮಾಮ, ಟೈಮ್ ಆಗಾಕತ್ತೈತಿ" ಎಂದ ಬಸವರಾಜ. ನನ್ನ ಜಂಬಕ್ಕೆ ಹುಡುಗನ ಮುಹೂರ್ತ ತಪ್ಪುತ್ತದೆ, ತಂಗಿಗೆ ಹೇಗೆ ಮುಖ ತೋರಿಸಲಿ?

ಅಷ್ಟರಲ್ಲಿ ಹಿಂದೆ ಅದಿರಿನ ಲಾರಿಯೊಂದು ನಿಂತಿತು. ಚಾಲಕ ಹುಲುಗಪ್ಪ, ಮರಿಯಮ್ಮನಹಳ್ಳಿಯವನು, ನೆರೆತ ತಲೆ.

"ಗೇರ್ ಬಾಕ್ಸಿಗೆ ಎಣ್ಣಿ ಯಾವಾಗ ಹಾಕಿಸೀರಿ?" ಎಂದ.

"ಹಾಕಿಸಿಲ್ಲರಿ. ಮೊದ್ಲ ಸೋರ್ತಿತ್ತು, ಈಗ ನಿಂತೈತಿ."

ಅವನು ಟವೆಲ್ ಹಾಸಿ ಕಾರಿನಡಿ ನುಸುಳಿದ. ಗೇರ್ ಬಾಕ್ಸಿನ ಪಕ್ಕದ ನಟ್ಟು ಬಿಚ್ಚಿ ಬೆರಳು ಹಾಕಿ ನೋಡಿದ. ಬೆರಳಿಗೆ ಜಿಡ್ಡೂ ಹತ್ತಿರಲಿಲ್ಲ. "ಸೋರೋದು ನಿಂತಿಲ್ರಿ. ಸೋರಾಕ ಎಣ್ಣಿನ ಉಳಿದಿಲ್ಲ."

ಗಿರಿಜಾ ಸೆರಗು ಬಾಯಿಗಿಟ್ಟು ನಕ್ಕಳು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಕಾರು ಆರಲಿ ಎಂದು ಸ್ವಲ್ಪ ಹೊತ್ತು ಕಾದೆವು. ಹುಲುಗಪ್ಪ ತನ್ನ ಲಾರಿಯಲ್ಲಿದ್ದ ಗೇರ್ ಎಣ್ಣೆಯ ಡಬ್ಬಿ ತಂದು, ರಬ್ಬರ್ ಕೊಳವೆ ಸಿಕ್ಕಿಸಿದ. ರೇಷ್ಮೆ ಪಂಚೆಯ ಮದುಮಗನೇ ಡಬ್ಬಿಯನ್ನು ಎತ್ತಿ ಹಿಡಿದ. ಪಂಚೆಗೆ ಒಂದು ತೊಟ್ಟು ಬಿತ್ತು, ಶಲ್ಯದಿಂದ ಮುಚ್ಚಿಕೊಂಡ.

ಮೊದಲನೇ ಗೇರು ಬೀಳಲಿಲ್ಲ. ಎರಡನೆಯದು ಬಿತ್ತು. ಕಾರು ಕೊಸರಾಡಿ ನಾಲ್ಕು ಮಾರು ಮುಂದೆ ಹೋಯಿತು.

"ಈಗಿನ ನಾಜೂಕು ಗಾಡಿ ಆಗಿದ್ರ ಯಾವಾಗೋ ಪುಡಿ ಆಗ್ತಿತ್ತು" ಎಂದ ಹುಲುಗಪ್ಪ ಕಿಟಕಿಗೆ ಬಗ್ಗಿ. "ಇದು ಗಟ್ಟಿ ಜೀವ. ಗಟ್ಟಿ ಇದ್ದೋರನ್ನ ಹೆಂಗದಿ ಅಂತ ಯಾರೂ ಕೇಳಂಗಿಲ್ರಿ, ಅದ ಅವ್ರಿಗೆ ಕುತ್ತು."

"ಕೇಳಿಸ್ಕೊಂಡ್ರೇನು?" ಎಂದಳು ಗಿರಿಜಾ ಹಿಂದಿನ ಸೀಟಿನಿಂದ. ಈ ಸಲ ಅವಳು ನಗುತ್ತಿರಲಿಲ್ಲ.

ಹತ್ತು ಇಪ್ಪತ್ತಕ್ಕೆ ಕಂಪ್ಲಿ ಮುಟ್ಟಿದೆವು. ತಾಳಿ ಕಟ್ಟಿದ್ದು ಸರಿಯಾದ ಹೊತ್ತಿಗೇ. ಮರುವಾರ ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟೆ, ಗಿರಿಜಾಳನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಈಗ ಆಯುಧಪೂಜೆಯಲ್ಲಿ ಮೊದಲು ಗೇರ್ ಬಾಕ್ಸಿಗೆ ನಾನೇ ಬೆರಳು ಹಾಕಿ ನೋಡುತ್ತೇನೆ. ಎಣ್ಣೆ ಅಂಟಿದ ಮೇಲೆಯೇ ಕುಂಕುಮ. ಮೊನ್ನೆ ಗಿರಿಜಾ ಕಾರಿನ ಮುಂದೆ ಕೂತು ರಂಗೋಲಿ ಹಾಕಿ, ಏನನ್ನೂ ಹಿಡಿಯದೆ ಎದ್ದು ನಿಂತಳು. ನಾನು ನೋಡುತ್ತಲೇ ಇದ್ದೆ.

"ಏನ್ ನೋಡ್ತೀರಿ ಹಂಗ?" ಎಂದಳು.

"ನಿನ್ನನ್ನ" ಎಂದೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ನಾಚಿದ್ದನ್ನು ಎರಡನೇ ಸಲ ನೋಡಿದೆ.