ಹತ್ತು ನಿಮಿಷದ ಕಲ್ಲು

೨೦೧೮ರ ಮಾರ್ಚ್ ಹತ್ತೊಂಬತ್ತರಂದು ಮಧ್ಯಾಹ್ನ ಒಂದು ಗಂಟೆ ಮೂವತ್ತೊಂದು ನಿಮಿಷಕ್ಕೆ ಕರೆಮ್ಮ ಕೆಂಭಾವಿ ಹತ್ತಿರದ ಕಾಲುವೆ ದಂಡೆಯಲ್ಲಿ ಕೆಂಪು ಗುಂಡಿ ಒತ್ತಿದಳು. ಕಂಬಿಗಳ ಮೇಲೆ ಸದ್ದಿಲ್ಲದೆ ಬರುತ್ತಿದ್ದ ಯಂತ್ರ ನಿಂತಿತು. ಅದರ ಮುಂದೆ ಎಂಟು ಅಡಿ ದೂರದಲ್ಲಿ ಅವಳ ತಮ್ಮ ಹುಲಗಪ್ಪನ ಕುರಿಗಳಿದ್ದವು.

ಹನ್ನೊಂದು ವರ್ಷ ಅವಳು ಇದೇ ಜಾಗದಲ್ಲಿ ಕೊಕ್ಕೆ ಕೋಲಿನಿಂದ ಕಾಲುವೆಯ ಕಸ ಎಳೆದವಳು. ಈಗ ಆ ಕೆಲಸ ಯಂತ್ರದ್ದು, ಅದನ್ನು ಕಾಯುವುದು ಅವಳದು. ಕುಳಿತರೆ ಎರಡು ನಿಮಿಷಕ್ಕೆ ಎದ್ದು ಕಂಬಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು.

ಯಂತ್ರ ತಾಸಿಗೊಮ್ಮೆ ಹೊರಡುತ್ತಿತ್ತು. ನಿಂತಾಗಲೂ ಅದರ ಕ್ಯಾಮೆರಾ ಎದುರಿಗೆ ಕಂಡದ್ದರ ಸುತ್ತ ಪರದೆಯಲ್ಲಿ ಚೌಕ ಎಳೆಯುತ್ತಿತ್ತು. ಚೌಕ ದಾರಿಗೆ ತಾಗಿದರೆ ಡಿಕ್ಕಿ ಎಂದು ಲೆಕ್ಕ, ಯಂತ್ರ ತಾನೇ ನಿಲ್ಲಬೇಕು. ಆದರೆ ಹತ್ತು ನಿಮಿಷ ಅಲುಗದ ವಸ್ತುವನ್ನು ದಂಡೆಯ ಕಲ್ಲೆಂದು ತಿಳಿದು ಚೌಕ ಅಳಿಸುತ್ತಿತ್ತು. ಇಲ್ಲದಿದ್ದರೆ ಹೂಳಿನ ಗುಡ್ಡೆ ಕಂಡಲ್ಲೆಲ್ಲ ನಿಲ್ಲುತ್ತಿತ್ತು.

'ಕಾರಣವಿಲ್ಲದೆ ನಿಲ್ಲಿಸಲಾಗಿದೆ' ಎಂಬ ದಾಖಲೆ ಯಂತ್ರದಿಂದ ಕಚೇರಿಗೆ ಹೋದದ್ದು ಇದು ಮೂರನೆಯ ಸಲ. ಸಂಜೆಗೆ ಶಹಾಪುರದಿಂದ ಇಂಜಿನಿಯರ್ ಬಸವಂತರಾಯ ಬಂದ. ಇನ್ನೊಮ್ಮೆ ಹೀಗಾದರೆ ಗುಂಡಿಯನ್ನೇ ತೆಗೆಸುವೆನೆಂದ.

"ತಮ್ಮನ ಕುರಿ ಕಂಡ್ರ ನಿನ್ನ ಕೈ ತಾನಾ ಗುಂಡಿಗೆ ಹೋಗ್ತದೇನಕ್ಕಾ?"

"ನಾಳಿ ಒಂದಕ್ಕ ಬರ್ರಿ ಸಾಹೇಬ್ರ. ಗುಂಡಿ ನೀವಾ ಹಿಡೀರಿ."

ಮರುದಿನ ಕುರಿಗಳು ನೀರು ಕುಡಿದು ಕಂಬಿಗಳ ನಡುವೆ ಒತ್ತಾಗಿ ನಿಂತವು. ಬಿಸಿಲಿಗೆ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತುರುಕಿತ್ತು. ಹುಲಗಪ್ಪ ಕೋಲಿನಿಂದ ತಿವಿದರೂ ಕದಲಲಿಲ್ಲ. ಪರದೆಯಲ್ಲಿ ಒಂದೇ ದೊಡ್ಡ ಚೌಕ ಮೂಡಿತು. ಹತ್ತನೆಯ ನಿಮಿಷಕ್ಕೆ ಅದು ಅಳಿಸಿಹೋಯಿತು.

ಒಂದೂವರೆಗೆ ಯಂತ್ರ ಹೊರಟಿತು. ಕರೆಮ್ಮ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡಳು. ಇಪ್ಪತ್ತು ಅಡಿ ಇದ್ದಾಗ, ನಿಲ್ಲುತ್ತದೆ ಎಂದ ಬಸವಂತರಾಯ. ಹದಿನೈದಕ್ಕೂ ಹಾಗೇ ಅಂದ. ಹತ್ತಕ್ಕೆ ಗುಂಡಿ ಒತ್ತಿದ.

ಗುಂಡಿ ಇರಲಿ ಎಂದು ಲ್ಯಾಪ್‌ಟಾಪ್ ತೆರೆದು ಕಂಬಿಯ ಮೇಲೇ ಕುಳಿತ. ಹತ್ತು ನಿಮಿಷವನ್ನು ಹೆಚ್ಚಿಸಿದರೆ ಹೂಳಿನ ಗುಡ್ಡೆಗೂ ನಿಲ್ಲುತ್ತದಲ್ಲ ಎಂದು ಗೊಣಗಿದ. ಗುಡ್ಡೆಗಳನ್ನು ತಾನೇ ಬಳಿಯುವೆನೆಂದಳು ಕರೆಮ್ಮ.

"ಹಿಂಗ ಎಷ್ಟೊತ್ತು ನಿಂದರ್ತಾವ ಅಕ್ಕಾ?"

ಬಿಸಿಲು ಇಳಿಯುವ ತನಕ ಎಂದಳು. ಯಂತ್ರಕ್ಕೆ ಅಂಕಿ ಬೇಕೆಂದ. ಎಂಟನೆಯ ವಯಸ್ಸಿನಿಂದ ಮದುವೆಯಾಗುವ ತನಕ ಕುರಿ ಕಾಯ್ದವಳು, ಜಾಲಿಮರದ ನೆರಳನ್ನೊಮ್ಮೆ ನೋಡಿದಳು.

"ಮೂರು ತಾಸ್ರಿ. ನಿಮಿಷದಾಗ ಬೇಕಂದ್ರ, ನೂರಾ ಎಂಬತ್ತು."