ಅಂಗೈಯಗಲದ ಪೊರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪ್ರಯೋಗಾಲಯವೊಂದರಲ್ಲಿ ಕೃತಕ ಕಿಡ್ನಿಗೆ ಬೇಕಾದ ಪೊರೆ ತಯಾರಿಸುವ ಕೆಲಸದಲ್ಲಿದ್ದೆ. ಡಯಾಲಿಸಿಸ್ ಯಂತ್ರದಲ್ಲಿ ರಕ್ತವನ್ನು ಸೋಸುವುದು ಇಂಥ ಪೊರೆಯೇ; ಆಗ ಅದು ಹೊರದೇಶದಿಂದ ಬರುತ್ತಿತ್ತು. ಒಂದು ಬಗೆಯ ಪ್ಲಾಸ್ಟಿಕ್ಕನ್ನು ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ತೆಳ್ಳಗೆ ಎಳೆದು ನೀರಿಗೆ ಅದ್ದಿದರೆ, ಅಂಗೈಯಗಲದ ಬಿಳಿ ಹಾಳೆ ಎದ್ದು ಬರುತ್ತಿತ್ತು. ಕಿಡ್ನಿ ಹೊರಹಾಕಬೇಕಾದ ಯೂರಿಯಾ ಬೆರೆಸಿದ ನೀರನ್ನು ಚೆನ್ನಾಗಿಯೇ ಸೋಸುತ್ತಿತ್ತು. ರಕ್ತ ಹಾಯಿಸಿದರೆ ಮಾತ್ರ ಹೆಪ್ಪುಗಟ್ಟಿಬಿಡುತ್ತಿತ್ತು. ಮೂರು ವರ್ಷವಾದರೂ ನಾನು ಅದನ್ನು ದಾಟಿರಲಿಲ್ಲ.

ಆಗೊಮ್ಮೆ ರಜೆಗೆ ನಮ್ಮೂರು ಕಳಸಕ್ಕೆ ಬಂದಾಗ, ನಾನು ಓದಿದ ಶಾಲೆಯವರು ಕರೆದು ಹಾರ ಹಾಕಿದರು. ಮೈಕಿನ ಮುಂದೆ ಜೊತೆಗೆ ತಂದಿದ್ದ ಅಂಥದೊಂದು ಹಾಳೆಯನ್ನು ಎತ್ತಿ ಹಿಡಿದು, "ಇದು ನಾವೇ ಮಾಡಿದ ಕಿಡ್ನಿ," ಎಂದೆ. ಜೋರು ಚಪ್ಪಾಳೆ. ರಕ್ತದ ವಿಷಯ ಹೇಳಲಿಲ್ಲ.

ಕೆಳಗಿಳಿದಾಗ ಅಪ್ಪನ ಸ್ನೇಹಿತರೊಬ್ಬರು ಬಂದರು. ಸಂಸೆಯ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಅವರ ಹೆಂಡತಿಯ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಇಬ್ಬರೂ ಬಸ್ಸಿನಲ್ಲಿ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದರು.

"ನೀವು ಮಾಡಿದ್ದನ್ನ ನಮ್ಮನೆಯವ್ಳಿಗೆ ಯಾವಾಗ ಹಾಕ್ಸಬಹುದಮ್ಮ?"

ಪಕ್ಕದಲ್ಲೇ ಹೆಡ್ಮಾಸ್ಟರು ಹೆಮ್ಮೆಯಿಂದ ನಗುತ್ತ ನಿಂತಿದ್ದರು. "ಇನ್ನೊಂದು ವರ್ಷ ತಡೀರಿ," ಎಂದುಬಿಟ್ಟೆ.

ಮರುವರ್ಷ ಊರಿಗೆ ಬಂದಾಗ ಊಟ ಬಡಿಸುತ್ತ ಅಮ್ಮ ಹೇಳಿದಳು: "ರೈಟ್ರ ಹೆಂಡ್ತಿಗೆ ಅವ್ರ ತಮ್ಮನೇ ಕಿಡ್ನಿ ಕೊಡ್ತೀನಿ ಅಂದಿದ್ನಂತೆ. ಇವ್ರೇ ಬೇಡ ಅಂದ್ರಂತೆ. ಹೊಸದು ಬರ್ತದಲ್ಲ, ಅವ್ನ ಹೊಟ್ಟೆ ಯಾಕೆ ಕೊಯ್ಸೋದು ಅಂತ. ನೀನೇ ಹೇಳಿದ್ಯಂತಲ್ಲ?"

ಎರಡು ದಿನ ಜ್ವರವೆಂದು ಮಲಗಿದೆ. ಜ್ವರವೇನೂ ಇರಲಿಲ್ಲ. ಮೂರನೆಯ ದಿನ ಜೀಪು ಹತ್ತಿ ಸಂಸೆಗೆ ಹೋದೆ.

ರೈಟರ್ ಹೆಂಡತಿ ತಾವೇ ಎದ್ದು ನನಗೆ ಕಾಫಿ ಮಾಡಿ ತಂದರು. ಅವರು ಕುಡಿಯಲಿಲ್ಲ, ದಿನಕ್ಕೆ ಇಷ್ಟೇ ನೀರೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಲೋಟ ಕೆಳಗಿಟ್ಟು ಹೇಳಿದೆ: "ಅದು ಕಿಡ್ನಿ ಅಲ್ಲ. ಬರೀ ಒಂದು ಹಾಳೆ. ರಕ್ತಕ್ಕೆ ಆಗೋದಿಲ್ಲ. ಒಂದು ವರ್ಷ ಅಂದಿದ್ದು ಸುಳ್ಳು."

ರೈಟರ್ ಎದ್ದು ಒಳಗೆ ಹೋದರು. ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು.

"ಅಲ್ಲ ಮಾರಾಯ್ತಿ, ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಆಕೆಯ ತಮ್ಮನನ್ನು ಮತ್ತೆ ಕರೆಸಿದರು. ಪರೀಕ್ಷೆಯಲ್ಲಿ ಅವನಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ, ಡಾಕ್ಟರು ಕಿಡ್ನಿ ತೆಗೆಯಲು ಒಪ್ಪಲಿಲ್ಲ. ಹಿಂದಿನ ವರ್ಷವೇ ಬಂದಿದ್ದರೂ ಕಾಯಿಲೆ ಇರುತ್ತಿತ್ತೇನೋ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಾಗೆ ಹೇಳಿಕೊಂಡಾಗಲೆಲ್ಲ ಇನ್ನಷ್ಟು ನಾಚಿಕೆಯಾಗುತ್ತದೆ.

ಆಕೆ ಇನ್ನೆರಡು ವರ್ಷ ಅದೇ ಬಸ್ಸಿನಲ್ಲಿ ಓಡಾಡಿ ತೀರಿಕೊಂಡರು. ತಿಥಿಯೂಟಕ್ಕೆ ಹೋಗದಿರಲು ಮನಸ್ಸಾಗಲಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರು ನನ್ನ ಕೆಲಸವೇನೆಂದು ಕೇಳಿದರು. ರೈಟರ್ ಅಲ್ಲೇ ಸಾರು ಬಡಿಸುತ್ತಿದ್ದರು.

"ಡಯಾಲಿಸಿಸ್‌ಗೆ ಪೊರೆ ಮಾಡೋದು," ಎಂದೆ. "ಇನ್ನೂ ಆಗಿಲ್ಲ."

ರೈಟರ್ ನನ್ನ ಎಲೆಗೂ ಸಾರು ಹಾಕಿ, ಮುಂದಿನ ಎಲೆಗೆ ಹೋದರು.